ರುಮಾಲು ತೆಗೆಯದೆ ಕೂರುವ ಕಾರು

ಅಜ್ಜಂಪುರದ ರೈಲ್ವೆ ಸ್ಟೇಷನ್ ಎದುರು ನಿಂತು ಹೊನ್ನೇಶ್ ಎಲ್ಲಿ ಸಿಗುತ್ತಾನೆ ಎಂದು ಕೇಳಿದರೆ ಯಾವ ಹೊನ್ನೇಶ್ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಸ್ಯಾಂಟ್ರೋ ಹೊನ್ನೇಶ್ ಎಂದರೆ ಮುಗಿಯಿತು, ಮನೆಯ ಬಾಗಿಲವರೆಗೆ ಕರೆದುಕೊಂಡು ಹೋಗಿ ಬಿಡುತ್ತಾರೆ. ೧೯೯೯ರ ಶ್ರಾವಣದಲ್ಲಿ ಅವನು ಆ ಬೆಳ್ಳಿ ಬಣ್ಣದ ಕಾರನ್ನು ಶಿವಮೊಗ್ಗದಿಂದ ತಾನೇ ಓಡಿಸಿಕೊಂಡು ಬಂದು ಬಾಡಿಗೆ ಕಾರುಗಳ ಸಾಲಿನಲ್ಲಿ ನಿಲ್ಲಿಸಿದಾಗ ಊರಿನ ಅರ್ಧ ಜನ ನೋಡಲು ಬಂದಿದ್ದರು. ಬಂದವರೆಲ್ಲ ನಕ್ಕಿದ್ದರು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಕಾರೆಂದರೆ ಅಂಬಾಸಿಡರ್ ಎಂದು ನಂಬಿದ್ದ ಊರು ಅದು. ಅಗಲವಾದ ಮೂತಿ, ಹಿಂದೆ ಒಂದು ಡಿಕ್ಕಿ, ಗಂಭೀರವಾದ ನಡೆ. ಇದಕ್ಕೋ ಮೂತಿಯೂ ಗಿಡ್ಡ, ಹಿಂಭಾಗವೂ ಗಿಡ್ಡ, ಎತ್ತರ ಮಾತ್ರ ಬೇಕಾದಷ್ಟು. ಸ್ಟ್ಯಾಂಡಿನ ಹಿರಿಯ ಡ್ರೈವರ್ ಚನ್ನಬಸಪ್ಪ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದೇನ್ಲಾ, ಆಟೋಗೆ ಇನ್ನೊಂದು ಚಕ್ರ ಹಾಕ್ಸ್ಕಂಡು ಬಂದೀಯಾ?" ಎಂದ. ಯಾವ ದೇಶದ್ದು ಎಂದು ಇನ್ನೊಬ್ಬರು ಕೇಳಿದರು. ಹೊನ್ನೇಶ್ ಎದೆಯುಬ್ಬಿಸಿ ಕೊರಿಯಾ ಎಂದ. "ಎಲ್ಲೈತಪ್ಪಾ ಅದು?" ಎಂದರು. ಎಲ್ಲಿದೆ ಎಂದು ಅವನಿಗೂ ಗೊತ್ತಿರಲಿಲ್ಲ.

ಮಾರನೆಯ ದಿನದಿಂದ ಅವನು ಜಪಾನ್ ಎನ್ನತೊಡಗಿದ. ಸುಳ್ಳು ಹೇಳಿದ್ದು ತಪ್ಪೇ, ಆದರೆ ಆ ಕಾಲದಲ್ಲಿ ಗಡಿಯಾರವಾಗಲಿ ಟೇಪ್‌ರೆಕಾರ್ಡರ್ ಆಗಲಿ ಜಪಾನಿನದು ಎಂದರೆ ಜನ ಬಾಯಿ ಮುಚ್ಚುತ್ತಿದ್ದರು. ಕೊರಿಯಾದ ಹೆಸರು ಕೇಳಿ ಯಾವ ಬೀಗರು ತಾನೇ ಕಾರು ಹತ್ತುತ್ತಾರೆ? ಕಾರು ತಯಾರಾದದ್ದು ಇಲ್ಲೇ ಚೆನ್ನೈ ಪಕ್ಕದ ಕಾರ್ಖಾನೆಯಲ್ಲಿ, ಜೋಡಿಸಿದವರು ನಮ್ಮ ಜನವೇ, ಅದನ್ನಂತೂ ಯಾರೂ ಕೇಳಲಿಲ್ಲ.

ನಗುವನ್ನು ನಿಲ್ಲಿಸಿದ್ದು ಜಪಾನೂ ಅಲ್ಲ, ಕೊರಿಯಾವೂ ಅಲ್ಲ, ಸಿಂಗಟಗೆರೆಯ ಒಬ್ಬ ಮುದುಕ. ತೆಂಗಿನಕಾಯಿ ವ್ಯಾಪಾರ ಮುಗಿಸಿ ಊರಿಗೆ ಹೊರಟಿದ್ದ ಆತ ಬೇರೆ ಯಾವ ಕಾರೂ ಇಲ್ಲದ್ದಕ್ಕೆ ಮೂಗು ಮುರಿಯುತ್ತಲೇ ಇದನ್ನು ಹತ್ತಿದ. ತಲೆಯ ಮೇಲೆ ಮೊಳದೆತ್ತರದ ರುಮಾಲು. ಆ ಕಾಲದ ಸಣ್ಣ ಕಾರುಗಳಲ್ಲಿ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂರುವುದು ರೂಢಿ. ಮುದುಕ ಅಭ್ಯಾಸಬಲದಿಂದ ತಲೆಗೆ ಕೈ ಹಾಕಿದವನು, ಮೇಲೆ ನೋಡಿ, ಕೈ ಕೆಳಗಿಳಿಸಿದ. ಸಿಂಗಟಗೆರೆಯವರೆಗೂ ರುಮಾಲು ಅಲುಗಾಡಲಿಲ್ಲ. ಮುಂದಿನ ಸಂತೆಯ ಹೊತ್ತಿಗೆ ಕಡೂರು ಸೀಮೆಯಲ್ಲೆಲ್ಲ ಅದೇ ಸುದ್ದಿ. ಮಂಡಿನೋವಿನ ಮುದುಕಿಯರು, ತುಂಬಿದ ಬಸುರಿಯರು, ಹೂವಿನ ದಂಡೆ ಮುಡಿದ ಮದುಮಕ್ಕಳು, ಎಲ್ಲರಿಗೂ ಬಗ್ಗದೆ ಹತ್ತುವ ಆ ಕಾರೇ ಬೇಕಾಯಿತು. ಎ.ಸಿ. ಹಾಕಿದರೆ ಬೇಸಿಗೆಯಲ್ಲೂ ಹಲ್ಲು ಕಟಕಟ ಎನ್ನುತ್ತಿತ್ತು. ಕೊಟ್ಟ ಕಾಸಿಗೆ ಮೋಸವಿಲ್ಲದ ಗಾಡಿ ಎಂದು ಚನ್ನಬಸಪ್ಪನೇ ಹೇಳಿಕೊಂಡು ತಿರುಗತೊಡಗಿದ.

ಇಷ್ಟೆಲ್ಲ ಜನ ಕೂತ ಆ ಕಾರಿನಲ್ಲಿ ಕೂರದೇ ಹೋದವನು ಒಬ್ಬನಿದ್ದ. ಹೊನ್ನೇಶನ ಅಪ್ಪ ಉಗ್ರಪ್ಪ.

ಉಗ್ರಪ್ಪ ಬದುಕಿಡೀ ಬೇರೆಯವರ ಹೊಲದಲ್ಲಿ ದುಡಿದವನು. ಅವನಿಗೂ ಒಂದು ರುಮಾಲಿತ್ತು. ಆದರೆ ಅದು ಅವನ ತಲೆಯ ಮೇಲೆ ಇದ್ದುದಕ್ಕಿಂತ ಕಂಕುಳಲ್ಲಿ ಇದ್ದುದೇ ಹೆಚ್ಚು; ದೊಡ್ಡವರ ಜಗಲಿಯ ಮುಂದೆ ಅವನ ಕೇರಿಯವರು ನಿಲ್ಲಬೇಕಾದದ್ದೇ ಹಾಗೆ. ಕಾರು ಬಂದ ದಿನ ಅವನೊಬ್ಬ ನಗಲಿಲ್ಲ. ಬಾಗಿಲು ತೆಗೆದು ಒಳಗೆ ಇಣುಕಿ, ಮೇಲ್ಛಾವಣಿಗೆ ಅಂಗೈ ಇಟ್ಟು ಅಳತೆ ನೋಡಿದ. ಹತ್ತಿ ಕೂರು ಎಂದರೆ ಕೂರಲಿಲ್ಲ.

"ಗೌರಿ ಹಬ್ಬಕ್ಕೆ ಹುಲಿ ಮನೆಗೆ ಹೋಗೋವಾಗ್ಲೇ ಕೂರ್ತೀನಿ ಕಣೋ. ಅವ್ಳ ಬಾಗ್ಲಲ್ಲಿ ಇದ್ರಿಂದ ಇಳೀಬೇಕು ನಾನು" ಎಂದ.

ಹುಲಿ ಎಂದರೆ ಲಿಂಗದಹಳ್ಳಿಗೆ ಕೊಟ್ಟಿದ್ದ ಅವನ ತಂಗಿ ಹುಲಿಯಮ್ಮ. ಮನೆಯಲ್ಲಿ ಬುದ್ಧನ ಪಟ ಬಂದು ಎಷ್ಟೋ ವರ್ಷವಾಗಿದ್ದರೂ ಗೌರಿ ಹಬ್ಬಕ್ಕೆ ತಂಗಿಗೆ ತವರಿನ ಬಾಗಿನ ಕೊಡುವುದನ್ನು ಉಗ್ರಪ್ಪ ಒಂದು ವರ್ಷವೂ ಬಿಟ್ಟವನಲ್ಲ. ತರೀಕೆರೆಯಲ್ಲಿ ಬಸ್ಸು ಬದಲಿಸಿ, ಮೊರ ತಲೆಯ ಮೇಲೆ ಹೊತ್ತು, ಮಳೆಯಲ್ಲಿ ನೆನೆದು ಹೋಗಿ ಬರುತ್ತಿದ್ದ. ತಂಗಿಯ ಗಂಡನ ಕಡೆಯವರು ಅನುಕೂಲಸ್ಥರಲ್ಲದಿದ್ದರೂ ಮಾತಿನಲ್ಲಿ ಮುಂದು. ಅವರ ಮುಂದೆ ಒಮ್ಮೆ ಮಗನ ಕಾರಿನಿಂದ ಇಳಿಯಬೇಕು, ತಲೆಯ ಮೇಲೆ ರುಮಾಲು ಇರಬೇಕು. ಅವನ ಆಸೆ ಇಷ್ಟೇ. ಇದಕ್ಕಿಂತ ಸಣ್ಣ ಆಸೆ ಇನ್ನೇನಿರಲು ಸಾಧ್ಯ?

ಆ ವರ್ಷದ ಹಬ್ಬದ ಬೆಳಿಗ್ಗೆ ಉಗ್ರಪ್ಪ ಒಗೆದ ಪಂಚೆ ಉಟ್ಟು, ರುಮಾಲು ಸುತ್ತಿ, ಬಾಗಿನದ ಮೊರವನ್ನು ಪಕ್ಕದಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತ. ಹೊನ್ನೇಶ್ ಕಾರಿಗೆ ಹೂವು ಮುಡಿಸಿ, "ಬೋಣಿ ಮಾಡ್ಕಂಡು ಬಂದ್ಬಿಡ್ತೀನಿ ಅಪ್ಪಾ, ಆಮೇಲೆ ಹೊರಡಾನ" ಎಂದ. ಸ್ಟ್ಯಾಂಡಿನ ಡ್ರೈವರುಗಳಲ್ಲಿ ಒಂದು ನಂಬಿಕೆಯಿತ್ತು. ದಿನದ ಮೊದಲ ಬಾಡಿಗೆ ಹೊರಗಿನವರದ್ದಾಗಬೇಕು. ಮನೆಯವರನ್ನು ಪುಕ್ಕಟೆ ಕೂರಿಸಿಕೊಂಡು ದಿನ ಶುರುಮಾಡಿದರೆ ಆ ವಾರವೆಲ್ಲ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಹೊಸ ಕಾರು, ಹೊಸ ಭಯ. ಅವನೂ ನಂಬಿದ.

ಆದರೆ ಬಾಗಿನ ಒಯ್ಯುವ ಅಣ್ಣಂದಿರು ಉಗ್ರಪ್ಪ ಒಬ್ಬನೇ ಅಲ್ಲವಲ್ಲ. ಮೊದಲ ಬಾಡಿಗೆ ಬೀರೂರಿಗೆ ಸಿಕ್ಕಿತು. ಅಲ್ಲಿ ಇಳಿಸುವಷ್ಟರಲ್ಲಿ ಇನ್ನೊಬ್ಬ ಕಡೂರಿಗೆ ಕೈ ಅಡ್ಡ ಹಾಕಿದ. ಕಡೂರಿನಿಂದ ಬರುತ್ತ ಮತ್ತೊಂದು. ಊರಿನವರ ತಂಗಿಯರ ಮನೆಗಳನ್ನೆಲ್ಲ ಮುಗಿಸಿ ಹೊನ್ನೇಶ್ ಮನೆಗೆ ಬಂದಾಗ ದೀಪ ಹಚ್ಚಿದ್ದರು. ಜಗಲಿ ಖಾಲಿ. ಅಪ್ಪ ಹತ್ತು ಗಂಟೆಯವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು, ಬಸ್ಸಿಗೆ ಹೋಗಿದ್ದ. ಮಾರನೆಯ ದಿನ ವಾಪಸು ಬಂದವನು ಬೈಯುತ್ತಾನೆ ಎಂದುಕೊಂಡರೆ ಬೈಯಲಿಲ್ಲ. "ಬಾಡಿಗೆ ಬಿಟ್ಟು ಎಲ್ ಬರಕಾಯ್ತದೆ? ಮುಂದ್ಲ ವರ್ಷ ಹೋಗಾನ ಬಿಡು" ಎಂದು ಬಟ್ಟೆ ತೆಗೆದುಕೊಂಡು ಕಾರು ಒರೆಸತೊಡಗಿದ.

ಮುಂದಿನ ವರ್ಷವೂ ಹೀಗೇ ಆಯಿತು. ಅದರ ಮುಂದಿನ ವರ್ಷ ದೂರದ ಊರೊಂದರ ಬಾಡಿಗೆ. ಹೀಗೆ ಐದು ಹಬ್ಬ ಕಳೆದವು. ಉಗ್ರಪ್ಪ ದಿನಾ ಕಾರು ಒರೆಸುತ್ತಿದ್ದ, ಗಾಜಿಗೆ ಬಾಯಿಂದ ಆವಿ ಬಿಟ್ಟು ತಿಕ್ಕುತ್ತಿದ್ದ, ಒಳಗೆ ಮಾತ್ರ ಕೂರಲಿಲ್ಲ. ೨೦೦೪ರ ಜನವರಿಯ ಚಳಿಯಲ್ಲಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡ. ಹೆಣ ಸಾಗಿಸಿದ ಕಾರನ್ನು ಮದುವೆಗೆ ಯಾರೂ ಕರೆಯುವುದಿಲ್ಲ ಎಂದು ಸ್ಟ್ಯಾಂಡಿನವರು ಬುದ್ಧಿ ಹೇಳಿದರು. ಹೊನ್ನೇಶ್ ಆ ಬುದ್ಧಿಯನ್ನೂ ಕೇಳಿದ. ಉಗ್ರಪ್ಪ ಆಂಬುಲೆನ್ಸಿನಲ್ಲಿ ಬಂದ. ಹಿಂದೆ ಮಗನ ಕಾರು ಖಾಲಿ ಬಂತು.

ಆ ಖಾಲಿ ಸೀಟು ಹೊನ್ನೇಶನನ್ನು ಇವತ್ತಿಗೂ ಬಿಟ್ಟಿಲ್ಲ. ಮಣ್ಣಿಗೆ ಬಂದಿದ್ದ ಹುಲಿಯಮ್ಮ ಅತ್ತು ಅತ್ತು ಗಂಟಲು ಕಟ್ಟಿ ಒಂದು ಮಾತೂ ಆಡದೆ ಹೋಗಿದ್ದಳು. ಆಮೇಲೆ ಅವನು ಲಿಂಗದಹಳ್ಳಿಯ ದಾರಿಯನ್ನೇ ಹಿಡಿಯಲಿಲ್ಲ. ಆ ಕಡೆಯ ಬಾಡಿಗೆ ಬಂದರೆ ಬೇರೆಯವರಿಗೆ ಬಿಟ್ಟುಕೊಡುತ್ತಿದ್ದ. ಬಾಗಿನವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದ. ಎದುರು ನಿಂತರೆ ಅತ್ತೆ ಏನು ಕೇಳುತ್ತಾಳೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು: ಊರಿನವರನ್ನೆಲ್ಲ ಕೂರಿಸ್ಕಂಡು ತಿರುಗ್ದೆ, ನಮ್ಮಣ್ಣನ್ನ ಒಂದ್ಸಲ ಕರ್ಕಂಬರಕ್ಕೆ ಆಗ್ಲಿಲ್ವೇನೋ?

ವರ್ಷಗಳು ಉರುಳಿದವು. ಕಂಪನಿಯವರು ಸ್ಯಾಂಟ್ರೋ ಮಾಡುವುದನ್ನು ಒಮ್ಮೆ ನಿಲ್ಲಿಸಿ, ಹೊಸದಾಗಿ ತಂದು, ಮತ್ತೆ ನಿಲ್ಲಿಸಿದರು. ಹೊನ್ನೇಶ್ ಬಾಡಿಗೆಗೆ ಬೇರೆ ಕಾರು ತೆಗೆದುಕೊಂಡರೂ ಇದನ್ನು ಶೀಟಿನ ಚಪ್ಪರದ ಕೆಳಗೆ ಇಟ್ಟುಕೊಂಡ. ತರೀಕೆರೆಯಲ್ಲಿ ಡಿಗ್ರಿ ಓದುತ್ತಿರುವ ಅವನ ಮಗಳು ಭೂಮಿಕಾಗೆ ಈಗ ಕೊರಿಯಾ ಎಂದರೆ ಪ್ರಾಣ. ಅವರ ಹಾಡು, ಅವರ ಸೀರಿಯಲ್, ಅವರ ಹಾಗೆ ಬಗ್ಗಿ ನಮಸ್ಕಾರ. "ಅಪ್ಪಾ, ನಮ್ದು ಕೊರಿಯಾ ಕಾರು ಅಂತ ಯಾಕ್ ಹೇಳ್ಲಿಲ್ಲ ನೀನು? ಫ್ರೆಂಡ್ಸ್‌ಗೆಲ್ಲ ಜಪಾನ್ ಅಂದ್ಬಿಟ್ಟಿದೀನಿ!" ಎಂದು ಜಗಳ ತೆಗೆದಳು. ಮೊಬೈಲ್ ನೋಡಿ ಚರಿತ್ರೆಯನ್ನೂ ಓದಿದಳು. ಆ ಕಂಪನಿ ಹುಟ್ಟಿದ್ದು ೧೯೬೭ರಲ್ಲಿ, ಹೊನ್ನೇಶನಿಗಿಂತ ಒಂದೇ ವರ್ಷ ದೊಡ್ಡದು. ಅಮೆರಿಕದಲ್ಲೂ ಮೊದಮೊದಲು ಅಗ್ಗದ ಮಾಲು ಎಂದು ನಕ್ಕಿದ್ದರಂತೆ. ಹತ್ತು ವರ್ಷದ ಗ್ಯಾರಂಟಿ ಕೊಟ್ಟು ಅವರ ಬಾಯಿ ಮುಚ್ಚಿಸಿದರಂತೆ.

"ಅಲ್ಲೂ ನಕ್ಕಿದ್ರಾ?" ಎಂದು ಹೊನ್ನೇಶ್ ಎರಡೆರಡು ಸಲ ಕೇಳಿ ತಿಳಿದುಕೊಂಡ. ಅವನಿಗೆ ಏನೋ ಸಮಾಧಾನವಾಯಿತು.

ಕಳೆದ ವರ್ಷದ ಹಿಂದಿನ ವರ್ಷ, ೨೦೨೪ರಲ್ಲಿ, ತಳವೆಲ್ಲ ತುಕ್ಕು ಹಿಡಿದಿದೆ, ಇನ್ನು ರಸ್ತೆಗಿಳಿಸಲು ಎಫ್‌ಸಿ ಸಿಗುವುದಿಲ್ಲ ಎಂದು ಮೆಕ್ಯಾನಿಕ್ ಕೈ ಚೆಲ್ಲಿದ. ಇಪ್ಪತ್ತೈದು ವರ್ಷ ದುಡಿದ ಗಾಡಿ; ಯಾರನ್ನು ದೂರುವುದು? ಗುಜರಿಯವನು ಹಬ್ಬ ಕಳೆದ ಮೇಲೆ ಬರುತ್ತೇನೆಂದ. ಹಳೆಯ ಎಫ್‌ಸಿಗೆ ಇನ್ನೂ ಹತ್ತು ದಿನವಿತ್ತು. ಗೌರಿ ಹಬ್ಬ ಅದರೊಳಗೇ ಬಿತ್ತು.

ಹಬ್ಬದ ಬೆಳಿಗ್ಗೆ ಹೊನ್ನೇಶ್ ಸ್ಟ್ಯಾಂಡಿನ ಕಡೆ ತಲೆ ಹಾಕಲಿಲ್ಲ. ಬೋಣಿಯಿಲ್ಲದೆ, ಬಾಗಿನದ ಮೊರವನ್ನು ಹಿಂದಿನ ಸೀಟಿನಲ್ಲಿಟ್ಟು ನೇರ ತರೀಕೆರೆ ರಸ್ತೆಗೆ ಬಿದ್ದ. ದಾರಿಯಲ್ಲಿ ಎರಡು ಕಡೆ ಕೈ ಅಡ್ಡ ಹಾಕಿದರು, ನಿಲ್ಲಿಸಲಿಲ್ಲ. ಅತ್ತೆ ಬೈದರೆ ಬೈಸಿಕೊಳ್ಳುವುದು, ಕಾಲು ಹಿಡಿಯುವುದು ಎಂದು ತೀರ್ಮಾನಿಸಿದ್ದ. ಆದರೂ ತರೀಕೆರೆ ದಾಟಿ ಬೆಟ್ಟದ ಸಾಲು ಕಾಣತೊಡಗಿದಾಗ ಅವನ ಕಣ್ಣು ತುಂಬಿ ಬಂತು. ಅಪ್ಪ ಇದ್ದಿದ್ದರೆ ಎಂದುಕೊಂಡ. ಈ ದಾರಿ, ಈ ಬಿಸಿಲು, ಈ ಕಾರು, ಎಲ್ಲವೂ ಇತ್ತು, ಬೆಳಿಗ್ಗೆ ಎದ್ದು ಹೊರಟಿದ್ದರೆ ಮಧ್ಯಾಹ್ನದೊಳಗೆ ಮುಗಿಯುತ್ತಿದ್ದ ಕೆಲಸ.

ಹುಲಿಯಮ್ಮ ಹೊಸ್ತಿಲಲ್ಲೇ ಕೂತಿದ್ದಳು. ಎಂಬತ್ತನಾಲ್ಕು ದಾಟಿದ್ದರೂ ಕಣ್ಣು ಮಂಜಾಗಿರಲಿಲ್ಲ. ಹೊನ್ನೇಶ್ ಇಳಿದು ಬಾಯಿ ತೆರೆಯುವ ಮೊದಲೇ ಅವಳು ಎದ್ದು ಬಂದು ಕಾರಿನ ಬಾನೆಟ್ ಮೇಲೆ ಕೈಯಾಡಿಸಿದಳು.

"ಇದೇ ಅಲ್ವೇನೋ ನಮ್ಮಣ್ಣ ಬತ್ತಿದ್ದ ಕಾರು?"

ಹೊನ್ನೇಶನಿಗೆ ಅರ್ಥವಾಗಲಿಲ್ಲ.

"ವರ್ಷ ವರ್ಷಾನೂ ಆ ಬಸ್ ಸ್ಟ್ಯಾಂಡ್ ತಿರುವಲ್ಲೇ ಇಳಿಸಿ ಹೋಗ್ಬಿಡ್ತಿದ್ಯಲ್ಲೋ ಕಳ್ಳಾ" ಎಂದು ಅವನ ಬೆನ್ನಿಗೆ ಗುದ್ದಿದಳು. "ನಾನು ಬೈಯ್ತಿದ್ದೆ, ಮನೆ ತಂಕ ಬಂದು ಒಂದು ಲೋಟ ನೀರು ಕುಡೀಬಾರ್ದಾ ನಿನ್ಮಗ ಅಂತ. 'ಬೈಬ್ಯಾಡ ಕಣವ್ವ, ಬಾಡ್ಗೆ ಕಾಯ್ತಾ ಐತೆ ಅವ್ನಿಗೆ. ಅಲ್ಲೀ ತಂಕ ರಾಜನ್ನ ಕರ್ಕಂಬಂದಂಗೆ ಕರ್ಕಂಬಂದ' ಅಂತಿದ್ದ. ತಲೆ ತೋರ್ಸ್ತಿದ್ದ ನಂಗೆ, ನೋಡು ರುಮಾಲು ಒಂಚೂರೂ ಅಲ್ಲಾಡಿಲ್ಲ ಅಂತ. ಬೀದಿಯವ್ರಿಗೆಲ್ಲ ಹೇಳ್ಕಂಡು ಬತ್ತಿದ್ದ. ಎಷ್ಟ್ ಮೆರೀತಿದ್ನೋ ಪುಣ್ಯಾತ್ಮ."

ಐದು ಹಬ್ಬ, ಐದು ಸಲ ಬಸ್ಸು ಹತ್ತಿ ಇಳಿದು, ಆ ತಿರುವಿನಿಂದ ನಡೆದು ಬಂದು, ಉಗ್ರಪ್ಪ ಮಗನ ಮರ್ಯಾದೆ ಕಾಯ್ದಿದ್ದ. ಇಪ್ಪತ್ತು ವರ್ಷ ಹೊತ್ತು ತಿರುಗಿದ್ದ ಮಾತನ್ನು ಇಲ್ಲಿ ಇಳಿಸೋಣವೆಂದು ಬಂದಿದ್ದವನು ಹೊನ್ನೇಶ್. ಈಗ ಇಳಿಸಿದರೆ ಅಪ್ಪ ಸುಳ್ಳುಗಾರನಾಗುತ್ತಾನೆ. ಅದೂ ಈ ತಂಗಿಯ ಮುಂದೆ, ಈ ಬೀದಿಯಲ್ಲಿ.

"ಹೂಂ ಅತ್ತೆ" ಎಂದ.

ಹುಲಿಯಮ್ಮ ಬಾಗಿನವನ್ನು ಕಣ್ಣಿಗೊತ್ತಿಕೊಂಡು ಒಳಗಿಟ್ಟು, ಸೆರಗು ಸರಿ ಮಾಡಿಕೊಂಡು ಮತ್ತೆ ಹೊರಗೆ ಬಂದಳು.

"ನನ್ನೂ ಒಂದ್ ಸುತ್ತು ಕರ್ಕಂಡ್ ಹೋಗೋ. ನಮ್ಮಣ್ಣ ಯಾವ್ ಸೀಟಲ್ಲಿ ಕೂರ್ತಿದ್ದ? ನಾನೂ ಅಲ್ಲೇ ಕೂರ್ತೀನಿ."

ಆ ಕಾರಿನಲ್ಲಿ ಯಾವ ಊರಿನ ಯಾವ ಬೀಗರು ಎಲ್ಲಿ ಕೂತಿದ್ದರೆಂದು ಹೊನ್ನೇಶ್ ನಿದ್ದೆಯಲ್ಲೂ ಹೇಳಬಲ್ಲ. ಹಿಂದಿನ ಬಾಗಿಲಿನ ಹಿಡಿಗೆ ಕೈ ಹಾಕಿದ, ಬಿಟ್ಟ. ಅತ್ತೆ ಕಾಯುತ್ತ ನಿಂತಿದ್ದಳು. ಅವನು ಸುತ್ತಿ ಬಂದು ಮುಂದಿನ ಎಡಗಡೆ ಬಾಗಿಲನ್ನು ಪೂರ್ತಿ ತೆಗೆದು, ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ.

"ಇಲ್ಲಿ ಅತ್ತೆ" ಎಂದ. "ನನ್ನ ಪಕ್ಕದಲ್ಲೇ ಕೂರ್ತಿದ್ದ."