ಗುಂಡಿ ಎಂದು ಬರೆದ ಬೆಳ್ಳಿ

ಬೆಳಗಿನ ಬೆಳಕು ಇನ್ನೂ ಡ್ಯಾನ್ಯೂಬ್ ನದಿ ದಾಟಿಲ್ಲ. ಅಂಚೆ ವಿಂಗಡಣೆಯ ಶೆಡ್ಡಿನಲ್ಲಿ ಸ್ತಮೆನಾ ಯಂತ್ರದ ಕೆಳಗೆ ಮಂಡಿಯೂರಿ ಮೆತ್ತನೆಯ ಬ್ರಷ್ಷಿನಿಂದ ಧೂಳು ಎಳೆಯುತ್ತಿದ್ದಾಳೆ. ಧೂಳಿನೊಳಗೆ ಏನೋ ಟಿಣ್ ಎನ್ನುತ್ತದೆ.

"ಸಿಕ್ತಾ ಗುಂಡಿ? ಅಂಗಡಿ ಇಟ್ಬಿಡಕ್ಕ," ಮೇಲ್ವಿಚಾರಕ ಒಗ್ನ್ಯಾನ್ ರೇಗಿಸುತ್ತಾನೆ.

"ಇಡ್ತೀನಿ. ಮೊದಲನೇದು ನಿನ್ನ ಬಾಯಿಗೇ ಹೊಲೀತೀನಿ."

ಸಿಕ್ಕಿದ್ದು ಗುಂಡಿಯಲ್ಲ, ರಾಜನ ಕಾಲದ, ಎರಡು ಲೆವಾ ಬೆಲೆಯ ಬೆಳ್ಳಿ ನಾಣ್ಯ. ಹರಿದ ಪೊಟ್ಟಣಗಳಿಂದ ಉದುರಿದ್ದನ್ನು ವಾರಸುದಾರರ ಮನೆ ಸೇರಿಸುವುದು ಸ್ತಮೆನಾಳ ಕೆಲಸ. ಅವಳನ್ನು ಹೆಚ್ಚು ಗೋಳು ಹೊಯ್ದುಕೊಳ್ಳುವವರು ನಾಣ್ಯ ಸಂಗ್ರಹಿಸುವವರು. ಕಳ್ಳರ ಭಯಕ್ಕೆ ಅವರು ಲಕೋಟೆಯ ಮೇಲೆ 'ಗುಂಡಿ' ಎಂದು ಬರೆಯುತ್ತಾರೆ. ಯಂತ್ರದಲ್ಲಿ ಲಕೋಟೆ ಬಾಗಿ ಹರಿದರೆ ನಾಣ್ಯ ಇಲ್ಲಿ ಬೀಳುತ್ತದೆ, ಖಾಲಿ ಲಕೋಟೆ ಮನೆ ತಲುಪುತ್ತದೆ. ದೂರು ಕೊಡುವಾಗಲೂ ಗುಂಡಿ ಎಂದೇ ಹಟ. ವಸ್ತು ಏನೆಂದು ಅವರೇ ಹೇಳಬೇಕು, ಇವಳು ಸುಳಿವು ಕೊಡುವಂತಿಲ್ಲ. ವಾರಸುದಾರರಿಲ್ಲದ್ದೆಲ್ಲ ವಾರದ ಕೊನೆಗೆ ರಾಜಧಾನಿಗೆ ಹೋಗುತ್ತದೆ. ಹೋದದ್ದು ಮರಳುವುದಿಲ್ಲ.

ಬಟ್ಟೆ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಬಂದವಳು ಸ್ತಮೆನಾ. ಗೇಟಿನ ಕಾವಲಿನವನಿಗೆ ದಿನವೂ ಕೈಚೀಲ ತೆರೆದು ತೋರಿಸಬೇಕು. "ಮೊದಮೊದಲು ಅಳು ಬರ್ತಿತ್ತು. ಈಗ ನಾನೇ ಮುಂದೆ ಹಿಡೀತೀನಿ. ಮೊಸರು, ಚೀಸ್ ತುಂಬಿದ ಒಂದು ತುಂಡು ಬನಿತ್ಸಾ, ನೋಡ್ಕೊಳ್ಳಪ್ಪ ಅಂತ," ಎನ್ನುತ್ತಾಳೆ.

ಇವತ್ತು ಮಧ್ಯಾಹ್ನ ರಾಜಧಾನಿಯ ಲಾರಿ ಹೊರಡುತ್ತದೆ. 'ಗುಂಡಿ ಬಂದಿಲ್ಲ' ಎಂದು ದೂರು ಕೊಟ್ಟವರು ಬೊಝುರಾ, ಟ್ರಾಮ್ ಓಡಿಸಿ ನಿವೃತ್ತರಾದವರು. ಸ್ತಮೆನಾ ಅವರಿಗೆ ಫೋನ್ ಮಾಡುತ್ತಾಳೆ.

"ಎಂಥ ಗುಂಡಿ ತಾಯಿ?"

"ಗುಂಡಿ ಅಂದ್ರೆ ಗುಂಡಿ! ನೀವೇ ಕದ್ದು ನನ್ನನ್ನೇ ಕೇಳ್ತೀರಾ?"

"ತೂತು ಎರಡೋ, ನಾಲ್ಕೋ?"

ಆ ಕಡೆಯ ದನಿ ತಗ್ಗುತ್ತದೆ. "ತೂತಿಲ್ಲ."

"ಮತ್ತೆ ಹೊಲಿಯೋದು ಹೇಗೆ?"

"ನೀನೇನು ನನ್ನ ಸೊಸೆನಾ, ಬುದ್ಧಿ ಹೇಳೋಕೆ?"

ಕದ್ದು ಎಂಬ ಮಾತು ಸ್ತಮೆನಾಳಿಗೆ ಇನ್ನೂ ಚುಚ್ಚುತ್ತಿದೆ. ಫೋನ್ ಇಟ್ಟುಬಿಡಬಹುದು. ಆದರೆ ಆ ದನಿಯಲ್ಲಿರುವುದು ಸಿಟ್ಟಲ್ಲ, ಹೆದರಿಕೆ ಎಂದು ಅವಳಿಗೆ ಗೊತ್ತಾಗುತ್ತದೆ.

"ಕಳ್ಳಿ ಅಂತ ಬೇಕಾದ್ರೆ ಆಮೇಲೆ ಬೈಯಿರಿ. ಲಾರಿ ಹೊರಡೋ ಮುಂಚೆ ನಿಜ ಹೇಳಿಬಿಡಿ."

ದೀರ್ಘ ಉಸಿರು ಕೇಳುತ್ತದೆ. "ಬೆಳ್ಳಿ ಕಣಮ್ಮ. ಎರಡು ಲೆವಾ. ರಾಜನ ಗಡ್ಡದ ಕೆಳಗೊಂದು ಕಚ್ಚು, ಮಾರಿದವನು ಕಳಿಸಿದ ಫೋಟೊದಲ್ಲಿ ನೋಡಿದ್ದೆ. ನಾನು ಕೂಡಿಟ್ಟ ನಾಣ್ಯದ ಸಾಲಲ್ಲಿ ಅದರ ಜಾಗ ಒಂದೇ ಖಾಲಿ. ಈ ವಯಸ್ಸಿನ ಹೆಂಗಸಿಗೆ ಯಾಕೆ ಈ ಹುಚ್ಚು ಅಂತಾರೆ ಎಲ್ಲರೂ."

ಸ್ತಮೆನಾ ನಾಣ್ಯವನ್ನು ದೀಪಕ್ಕೆ ಹಿಡಿಯುತ್ತಾಳೆ. ಗಡ್ಡದ ಕೆಳಗೆ ಕಚ್ಚು ಇದೆ. ಎರಡು ರಟ್ಟಿನ ನಡುವೆ ಅದನ್ನು ಬಿಗಿಯಾಗಿ ಅಂಟಿಸಿ, ಒಳಗೂ ಹೊರಗೂ ವಿಳಾಸ ಬರೆಯುತ್ತಾಳೆ.

ಕೆಲವು ದಿನಗಳಾದ ಮೇಲೆ ಬೊಝುರಾ ಅವರೇ ಫೋನ್ ಮಾಡುತ್ತಾರೆ. ಕ್ಷಮಿಸು ಎನ್ನುವುದಿಲ್ಲ. "ಸಾಲು ತುಂಬ್ತು," ಎನ್ನುತ್ತಾರೆ. "ನಂದೊಂದು ನಾಣ್ಯ ಗೆಳತಿಗೆ ಕಳಿಸ್ಬೇಕು. ಮೇಲೆ ಏನಂತ ಬರೀಲಿ?"

"ನಾಣ್ಯ ಅಂತಲೇ ಬರೀರಿ."

"ಯಾರಾದ್ರೂ ಎತ್ಕೊಂಡ್ರೆ?"

"ಅದು ನನ್ನ ಕೈ ದಾಟೇ ಹೋಗ್ಬೇಕು ತಾಯಿ," ಎನ್ನುತ್ತಾಳೆ ಸ್ತಮೆನಾ. "ಧೈರ್ಯವಾಗಿ ಬರೀರಿ."