ಕೇಂದ್ರೆ ಗುರೂಜಿ ಕಟ್ಟಿದ ವೆಬ್‌ಸೈಟು

ಮಹಾರಾಷ್ಟ್ರದ ಬೀಡ ಜಿಲ್ಲೆಯ ನಮ್ಮ ಶಾಲೆಗೆ ಇಬ್ಬರೇ ಶಿಕ್ಷಕರು: ಕೇಂದ್ರೆ ಗುರೂಜಿ, ಇನ್ನೊಬ್ಬಳು ನಾನು. ದಸರೆ ಮುಗಿಯುತ್ತಲೇ ಅರ್ಧ ಊರು ಕಬ್ಬು ಕಡಿಯಲು ದೂರದ ಜಿಲ್ಲೆಗಳಿಗೆ ಹೊರಡುತ್ತದೆ, ಹಿಂದೆಯೇ ಮಕ್ಕಳೂ ಹೋಗುತ್ತಾರೆ. ಖಾಲಿ ಬೆಂಚುಗಳಿಗೆ ಪಾಠ ಹೇಳಿ ನನಗಂತೂ ಸಾಕಾಗಿತ್ತು.

ಗುರೂಜಿ ಶಾಲೆಗೊಂದು ವೆಬ್‌ಸೈಟು ಕಟ್ಟಿದರು. "ಊರ ಉಸಾಬರಿ ಎಲ್ಲಾ ನಿಮಗ ಬೇಕು" ಎಂದು ಹೆಂಡತಿಯ ಕೈಲಿ ಬೈಸಿಕೊಂಡೇ ಆ ವಿದ್ಯೆ ಕಲಿತರು. ಮಕ್ಕಳು ಓದುವುದು, ಲೆಕ್ಕ ಬಿಡಿಸುವುದು, ಬಿಸಿಯೂಟ ಉಣ್ಣುವುದು, ಎಲ್ಲದರ ವಿಡಿಯೊ ದಿನವೂ ಅದರಲ್ಲಿ.

"ಕೂಸನ್ನ ಅಜ್ಜಿ ಹತ್ರ ಬಿಟ್ಟು ಹೋಗ್ರಿ. ದಿನಾ ಅದರ ಮಾರಿ ಫೋನಿನ್ಯಾಗ ತೋರಿಸ್ತೀನಿ," ಎಂದು ಮನೆಮನೆಗೆ ಹೋಗಿ ಹೇಳಿದರು. ಕೆಲವರು ನಂಬಿದರು. ಅಂಕುಶನೂ ಮಗಳು ಪ್ರತೀಕ್ಷಾಳನ್ನು ಬಿಟ್ಟುಹೋದ.

ಐದನೆಯ ತರಗತಿಯ ಆ ಹುಡುಗಿಗೆ ಲೆಕ್ಕವೆಂದರೆ ನೀರು ಕುಡಿದಷ್ಟು ಸಲೀಸು. ಅಪ್ಪನಿಗೂ ತಿಳಿಯಲಿ ಎಂದು ಗುರೂಜಿ ಅವಳಿಂದ ಕಬ್ಬಿನ ಲೆಕ್ಕವನ್ನೇ ಹೇಳಿಸಿದರು. ಗಾಡಿಗೆ ಇಷ್ಟು ಟನ್ನು, ತಂಡಕ್ಕೆ ಇಷ್ಟು ಕೂಲಿ ಎಂದು ಅವಳು ಪಟಪಟ ಒಪ್ಪಿಸಿದಳು. ಕಬ್ಬಿನ ಗದ್ದೆಯ ಗುಡಿಸಲು ಗುಡಿಸಲಿನಲ್ಲೂ ಜನ ಅದನ್ನು ನೋಡಿದರಂತೆ.

ಮರುವಾರ ಕಬ್ಬು ಕಡಿಯುವ ತಂಡದ ಮೇಸ್ತ್ರಿ, ಮುಕಾದಮ ವೈಜನಾಥ ಶಾಲೆಗೇ ಜೀಪು ತಂದ. ಹಿಂದೆ ಅಂಕುಶ, ತಲೆ ತಗ್ಗಿಸಿಕೊಂಡು.

"ಹುಡುಗಿ ಭಾಳ ಶ್ಯಾಣ್ಯಾ ಅದಾಳ ಗುರೂಜಿ. ಟನ್ನು ಬರೀಲಿಕ್ಕೆ ನನಗ ಯಾರೂ ಇಲ್ಲ. ಕರಕೊಂಡು ಹೋಗ್ತೀನಿ."

"ಅಕೀಗೆ ಪರೀಕ್ಷೆ ಅದ ವೈಜನಾಥ."

"ಪರೀಕ್ಷೆ ನೀವ ತಗೊಂಡೀರಲ್ಲ, ನಾವೆಲ್ಲಾ ನೋಡೀವಿ. ಪಾಸಾಗ್ಯಾಳ."

ಗುರೂಜಿ ಅಂಕುಶನ ಕಡೆ ತಿರುಗಿದರು. "ನೀನಾದ್ರೂ ಬ್ಯಾಡ ಅನ್ನಪಾ."

"ಹೆಂಗ ಅನ್ಲಿ ಗುರೂಜಿ? ಮುಂದಿನ ವರ್ಷಾನೂ ಇವರ ಕೈಕೆಳಗ ದುಡೀಬೇಕು."

ನಾನು ಬಾಯಿಗೆ ಬಂದಂತೆ ಬೈದೆ, ಕಾನೂನು ಹೇಳಿದೆ, ಮೇಲಿನ ಕಚೇರಿಗೆ ಫೋನು ಮಾಡಿದೆ. ವಿವರ ಕಳಿಸಿ, ನೋಡೋಣ ಎಂದರು. ಅವರ ನೋಡೋಣಕ್ಕೆ ಬೆಂಕಿ ಬೀಳಲಿ. ಅಷ್ಟರಲ್ಲಿ ಅಜ್ಜಿ ಬಟ್ಟೆಯ ಗಂಟು ತಂದು ಜೀಪಿನಲ್ಲಿಟ್ಟಳು. "ನಾನ ಕೈಯಾರೆ ತೋರಿಸಿಕೊಟ್ಟೆ," ಎಂದು ಗುರೂಜಿ ಗೋಡೆಗೆ ಒರಗಿದರು.

ಪ್ರತೀಕ್ಷಾ ಜೀಪು ಹತ್ತಲಿಲ್ಲ. ಗುರೂಜಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಗುರೂಜಿ, ಅಲ್ಲಿ ನಾ ತಪ್ಪು ಲೆಕ್ಕ ಬರದ್ರ ವಾಪಸ್ ಕಳಿಸ್ತಾರೇನ್ರಿ?"

ಗುರೂಜಿ ಅವಳ ತಲೆಯ ಮೇಲೆ ಕೈಯಿಟ್ಟರು.

"ತಪ್ಪು ಬರೀಬ್ಯಾಡವ್ವಾ. ನಿಮ್ಮ ಅಪ್ಪ-ಅವ್ವನ ಕೂಲಿ ಕಡಿಮಿ ಆಗ್ತದ."