ಮಳೆ ಕಾಯುವ ಗಂಡಸರು

ದೀಕ್ಷಾ, ಚೇತನ್, ಇದನ್ನು ನೀವಿಬ್ಬರೂ ಬೇರೆಬೇರೆಯಾಗಿ ಓದಬೇಕು. ದೀಕ್ಷಾ ಓದಿ ತಮ್ಮನಿಗೆ ಬಾಯಲ್ಲಿ ಹೇಳಿದರೆ ನಡುವೆ ಎಲ್ಲೋ ಅಜ್ಜಿಯನ್ನು ದೊಡ್ಡ ಧೈರ್ಯವಂತೆ ಮಾಡಿಬಿಡುತ್ತಾಳೆ. ನಾನು ಹಾಗಿಲ್ಲ ಎನ್ನುವುದು ಊರಿಗೇ ಗೊತ್ತು. ನಾಲ್ಕು ಜನರ ಮುಂದೆ ನನಗೆ ಮಾತಿಗಿಂತ ಮೊದಲು ನಾಚಿಕೆ ಬರುತ್ತದೆ. ನಾಚಿಕೆ ಹೋಗುವಷ್ಟರಲ್ಲಿ ಆ ನಾಲ್ಕು ಜನ ಎದ್ದು ಹೋಗಿರುತ್ತಾರೆ. ಬರೆಯುವಾಗ ಆ ತೊಂದರೆ ಇಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಹಾಳೆಯೂ ಎದುರು ಮಾತಾಡುವುದಿಲ್ಲ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಮಳೆಯ ಮೇಲೆ ಯಾವ ಸಿಟ್ಟೂ ಇಲ್ಲ. ಮಳೆ ಕಾಯುವವರ ಮೇಲೆ ಇದೆ.

ಯುಗಾದಿ ಕಳೆದು ಬಿಸಿಲು ಏರಿತೆಂದರೆ ಪೂರಿಗಾಲಿಯ ನಮ್ಮ ಮನೆಯ ಜಗಲಿಯ ಮೇಲೆ ಮಧ್ಯಾಹ್ನದ ಹೊತ್ತಿಗೆ ಇಬ್ಬರು ಬಂದು ಕೂರುತ್ತಾರೆ. ಒಬ್ಬರು ನಿಮ್ಮ ದೊಡ್ಡ ತಾತ ಮರಿಗೌಡರು. ತೀರಿಹೋದ ನನ್ನ ಯಜಮಾನರ ಅಣ್ಣ, ನನಗೆ ಭಾವ, ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಇನ್ನೊಬ್ಬರು ನಿಂಗಪ್ಪ ಮೇಷ್ಟ್ರು, ಅವರೂ ನಿವೃತ್ತರು. ಫೋನಿನೊಳಗೆ ಇನ್ನಿಬ್ಬರಿದ್ದಾರೆ: ಮದ್ದೂರಿನಲ್ಲಿ ತಮ್ಮ ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟು ಗಲ್ಲಾಪೆಟ್ಟಿಗೆಯ ಪಕ್ಕ ಸುಮ್ಮನೆ ಕೂರುವ ಒಬ್ಬರು; ಮತ್ತೊಬ್ಬರು ನನ್ನ ಬೀಗರು, ಅಂದರೆ ಹೊಳಲಿನಲ್ಲಿ ನಿಮ್ಮ ಜೊತೆಯಲ್ಲೇ ಇರುವ ನಿಮ್ಮ ತಾತ. ಈ ನಾಲ್ವರು ಕೂಡಿಕೊಂಡು ಫೋನಿನಲ್ಲಿ ಒಂದು ಗುಂಪು ಕಟ್ಟಿ ಅದಕ್ಕೆ ಮಳೆ ಬಳಗ ಎಂದು ಹೆಸರಿಟ್ಟುಕೊಂಡಿದ್ದಾರೆ. ನಾಲ್ವರಲ್ಲಿ ಒಬ್ಬರೂ ಈಗ ಹೊಲಕ್ಕೆ ಇಳಿಯುವುದಿಲ್ಲ. ಮಳೆ ಬೇಕಾದವರು ಹೊಲದಲ್ಲಿರುತ್ತಾರೆ, ಅವರಿಗೆ ಮಳೆ ಕಾಯಲು ಪುರುಸೊತ್ತಿಲ್ಲ.

ಕಾಯುವುದು ಹೇಗೆ ಅಂತೀರಾ? ಫೋನಿನಲ್ಲಿ ಒಂದು ನಕ್ಷೆ ಬರುತ್ತದೆ. ಅದರ ಮೇಲೆ ಹಸಿರು, ಹಳದಿ, ಕೆಂಪು ಕಲೆಗಳು ಮೆಲ್ಲಗೆ ತೆವಳುತ್ತವೆ. ಆ ಕಲೆಗಳೇ ಮೋಡಗಳಂತೆ. ತಲೆ ಎತ್ತಿದರೆ ಕಾಣುವ ಮೋಡವನ್ನು ಇವರು ತಲೆ ಬಗ್ಗಿಸಿ ನೋಡುತ್ತಾರೆ. ಭಾವನವರಿಗೆ ಮೂವತ್ತು ವರ್ಷ ಬಸ್ಸಿನಲ್ಲಿದ್ದ ಅಭ್ಯಾಸ. ಮೋಡಕ್ಕೂ ರೂಟು ಹಾಕಿಬಿಟ್ಟಿದ್ದಾರೆ.

"ಮದ್ದೂರು ಬುಡ್ತು ಕಣ್ರೀ ಮೇಷ್ಟ್ರೇ. ಮಳವಳ್ಳೀಲಿ ಸ್ಟಾಪಿಲ್ಲ. ಡೈರೆಕ್ಟು ಇಲ್ಗೇಯ."

ಅದು ಮಳವಳ್ಳಿಯಲ್ಲಿ ನಿಂತು ಅಲ್ಲೇ ಎಲ್ಲವನ್ನೂ ಇಳಿಸಿ ಖಾಲಿಯಾಗಿ ಹೋಗುತ್ತದೆ. ಆಗ ಇಬ್ಬರ ಮುಖವನ್ನೂ ನೋಡಬೇಕು. ನಮ್ಮ ಮನೆಗೆಂದು ಹೊರಟ ನೆಂಟರು ಪಕ್ಕದ ಮನೆಯಲ್ಲಿ ಉಂಡು ಹೋದ ಹಾಗೆ. ಆಮೇಲೆ ಮಳೆ ಯಾಕೆ ಬರಲಿಲ್ಲ ಎನ್ನುವುದರ ಬಗ್ಗೆ ಒಂದು ಗಂಟೆ ಮಾತು, ಎರಡು ಸಲ ಕಾಫಿ. ಮಳೆ ಬರುವುದಿಲ್ಲ ಎಂದು ನನಗೆ ಮೊದಲ ಕಾಫಿಗೇ ಗೊತ್ತಾಗಿರುತ್ತದೆ.

ಹಿಂದಿನವರು ಬಹಳ ಬುದ್ಧಿವಂತರಾಗಿದ್ದರು ಎಂದು ಹೇಳಲು ಹೊರಟಿಲ್ಲ ನಾನು. ನಾನು ಚಿಕ್ಕವಳಿದ್ದಾಗ ಯುಗಾದಿಯ ದಿನ ನಮ್ಮೂರಿನ ಅಯ್ಯನವರು ಪಂಚಾಂಗ ಓದುತ್ತಿದ್ದರು. ಈ ವರ್ಷದ ಮಳೆಯಲ್ಲಿ ಸಮುದ್ರಕ್ಕೆ ಇಷ್ಟು ಪಾಲು, ಬೆಟ್ಟಕ್ಕೆ ಇಷ್ಟು ಪಾಲು, ಭೂಮಿಗೆ ಇಷ್ಟು ಪಾಲು ಎಂದು ಅಣ್ಣತಮ್ಮಂದಿರಿಗೆ ಹೊಲ ಹಂಚಿದ ಹಾಗೆ ಹಂಚುತ್ತಿದ್ದರು. ಸಮುದ್ರಕ್ಕೆ ಹೇಳಿದಷ್ಟು ಬಿತ್ತೋ ಇಲ್ಲವೋ ಎಂದು ನಮ್ಮೂರಿನಿಂದ ಯಾರೂ ಹೋಗಿ ನೋಡಿ ಬರಲಿಲ್ಲ. ಆದರೆ ಅಯ್ಯನವರು ತಪ್ಪು ಹೇಳುತ್ತಿದ್ದುದು ವರ್ಷಕ್ಕೆ ಒಂದೇ ಸಲ. ಅದಕ್ಕೆ ಬೇವುಬೆಲ್ಲವನ್ನೂ ಕೊಡುತ್ತಿದ್ದರು. ಮಳೆ ಬಳಗದವರು ದಿನಕ್ಕೆ ನಾಲ್ಕು ಸಲ ತಪ್ಪು ಹೇಳಿ ನನ್ನ ಕಾಫಿಪುಡಿ ಮುಗಿಸುತ್ತಾರೆ.

ಇವರು ನಮ್ಮ ಜಗಲಿಯನ್ನೇ ಹಿಡಿದಿರುವುದಕ್ಕೆ ಕಾರಣ ಮಳೆಮಾಪಕ. ಅಂಗಳದಲ್ಲಿ ತೆಂಗಿನ ಮರವಿಲ್ಲದ ಮನೆ ಆ ಬೀದಿಯಲ್ಲಿ ನಮ್ಮದೊಂದೇ. ಮರದ ನೀರು ತೊಟ್ಟಿಕ್ಕಿದರೆ ಲೆಕ್ಕ ಕೆಡುತ್ತದಂತೆ. ಅದಕ್ಕೇ ಅಂಗಳದ ನಡುವೆ ಸೊಂಟದೆತ್ತರದ ಒಂದು ಕಲ್ಲುಕಂಬ ನೆಟ್ಟು ಅದರ ಮೇಲೆ ಗೆರೆ ಎಳೆದ ಲೋಟದಂಥ ಮಾಪಕವನ್ನು ಕೂರಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಏನೂ ಹೇಳುತ್ತಿರಲಿಲ್ಲ. ಹೊಳಲು, ಮದ್ದೂರು, ಪೂರಿಗಾಲಿ ಮೂರು ಕಡೆಯೂ ಒಂದೊಂದು ಮಾಪಕವಿದೆ. ವರ್ಷದ ಮೊದಲ ಗುಡುಗುಮಳೆ ಯಾರ ಮಾಪಕದಲ್ಲಿ ಹೆಚ್ಚು ಬಿತ್ತೋ ಅವರೇ ಆ ವರ್ಷ ಗೆದ್ದ ಹಾಗೆ. ಎರಡು ವರ್ಷದಿಂದ ನಿಮ್ಮ ಹೊಳಲಿನ ತಾತನೇ ಗೆದ್ದಿದ್ದರು. ಮೋಡವನ್ನು ತಾವೇ ಮೇಯಿಸಿಕೊಂಡು ಬಂದವರಂತೆ ಫೋನಿನಲ್ಲಿ ಮಾತಾಡುತ್ತಿದ್ದರು. ಭಾವನವರಿಗೆ ಅದು ಸಹಿಸಲಾಗುತ್ತಿರಲಿಲ್ಲ.

ಈಗ ನನ್ನ ಹುಳದ ವಿಷಯ ಹೇಳಬೇಕು. ಹುಳವಿಲ್ಲದಿದ್ದರೆ ಈ ಗಂಡಸರು ಏನನ್ನಾದರೂ ಕಾಯಲಿ ಎಂದು ನಾನು ಸುಮ್ಮನಿರುತ್ತಿದ್ದೆ.

ನೀವು ರಜಕ್ಕೆ ಬಂದಾಗ ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕಿದ್ದೀರಿ. ಅವು ಸೊಪ್ಪು ತಿನ್ನುವ ಸದ್ದನ್ನು ಕೇಳಿ ಚೇತನ್, ಒಳಗೆ ಮಳೆ ಬರುತ್ತಿದೆ ಅಜ್ಜಿ ಎಂದಿದ್ದ. ಆ ಮಳೆಯೊಂದೇ ನಾನು ನಂಬುವ ಮಳೆ. ಹಿಂದಿನ ಬೆಳೆಗೆ ಹಾಲುತೊಂಡೆ ರೋಗ ಬಂದು ಹುಳವೆಲ್ಲ ಹೋಗಿತ್ತು. ಆಗ ಭಾವನವರು, ಇದೊಂದು ಸಲ ನೋಡೋಣ, ಇದೂ ಕೆಟ್ಟರೆ ಸೊಪ್ಪಿನ ತೋಟ ಕಿತ್ತು ತೆಂಗು ಹಾಕಿಸುವುದು ಎಂದು ಹೇಳಿದ್ದರು. ಅವರದು ಕೆಟ್ಟ ಮನಸ್ಸಲ್ಲ. ವಯಸ್ಸಾದವಳು ಬೆಳಿಗ್ಗೆ ಸಂಜೆ ಸೊಪ್ಪು ಹೊರುವುದು ಯಾಕೆ ಎಂದು ಅವರ ಲೆಕ್ಕ. ಆದರೆ ಯಜಮಾನರು ಹೋದ ಮೇಲೆ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಆ ಅರ್ಧ ಎಕರೆ ಸೊಪ್ಪು ಮತ್ತು ಹಗಲೆಲ್ಲ ಹಸಿದುಕೊಂಡಿರುವ ಆ ಹುಳ. ತೆಂಗಿಗೆ ನನ್ನಿಂದ ಏನೂ ಬೇಕಾಗುವುದಿಲ್ಲ.

ಇದನ್ನು ಭಾವನವರಿಗೆ ಹೇಳಬಹುದಿತ್ತು. ಹೇಳುವುದು ಹೇಗೆ? ಮದುವೆಯಾಗಿ ಬಂದಂದಿನಿಂದ ನಾನು ಅವರಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ನಮ್ಮ ಕಾಲದಲ್ಲಿ ಗಂಡನ ಅಣ್ಣನಿಗೆ ಎದುರು ನಿಂತು ಮಾತಾಡುತ್ತಿರಲಿಲ್ಲ. ಊಟಕ್ಕೆ ಕರೆಯಬೇಕಾದರೂ ಬಾಗಿಲ ಮರೆಯಲ್ಲಿ ನಿಂತು ಹಸುವಿಗೆ ಹೇಳಿದಂತೆ ಹೇಳಬೇಕು. ನಮ್ಮ ಹಸುವಿಗೆ ಈ ಮನೆಯ ಅಡುಗೆಯೆಲ್ಲ ಬಾಯಿಪಾಠವಾಗಿತ್ತು. ಕಾಲ ಬದಲಾಯಿತು, ಬೇರೆಯವರೆಲ್ಲ ಭಾವಂದಿರ ಜೊತೆ ನಗುತ್ತಾ ಮಾತಾಡುತ್ತಾರೆ. ನಾನು ಮಾತ್ರ ಬಾಗಿಲ ಮರೆಯಲ್ಲೇ ಉಳಿದೆ.

ಹೋದ ವರ್ಷ ಬೇಸಿಗೆಯಲ್ಲಿ ಒಂದು ದಿನ ಹುಳ ಹಣ್ಣಾಯಿತು. ಅಂದರೆ ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹಳದಿಗೆ ತಿರುಗಿ, ಗೂಡು ಕಟ್ಟಲು ತಲೆ ಎತ್ತಿ ಜಾಗ ಹುಡುಕತೊಡಗಿತು. ಅವನ್ನು ಆರಿಸಿ ಚಂದ್ರಂಕಿಗೆ ಬಿಡಬೇಕು. ಬಾಗಿಲಗಲದ ಬಿದಿರು ಚಾಪೆಯ ಮೇಲೆ ಬಿದಿರಿನ ದಬ್ಬೆಯನ್ನು ಸುರುಳಿ ಸುರುಳಿಯಾಗಿ ಕಟ್ಟಿರುತ್ತಾರಲ್ಲ, ಅದೇ ಚಂದ್ರಂಕಿ. ಮುಯ್ಯಾಳಾಗಿ ಪಕ್ಕದ ಮನೆಯ ಕೆಂಪಮ್ಮ ಬಂದಿದ್ದಳು. ಅವಳ ಹುಳಕ್ಕೆ ನಾನು, ನನ್ನ ಹುಳಕ್ಕೆ ಅವಳು. ಹನ್ನೆರಡು ಚಂದ್ರಂಕಿ ತುಂಬಿತು. ಒಳಗೆ ಇಟ್ಟರೆ ಸೆಕೆಗೆ ಗೂಡು ಮೆತ್ತಗಾಗುತ್ತದೆ. ಹೊರಗೆ ಚಪ್ಪರದ ನೆರಳಿನಲ್ಲಿ ಗಾಳಿಗೆ ಇಟ್ಟರೆ ಗೂಡು ಗಟ್ಟಿ. ಆದರೆ ಮಳೆ ಬಿದ್ದರೆ ಎಲ್ಲವೂ ಹೋಯಿತು.

ಮನೆಯ ಜಗಲಿಯ ಮೇಲೆ ಮಳೆಯ ಪಂಡಿತರು ಇಬ್ಬರು ಕೂತಿರುವಾಗ ಕೇಳದೆ ಇರುವುದೇ? ಕೆಂಪಮ್ಮನ ಮೂಲಕ ಕೇಳಿಸಿದೆ. ಭಾವನವರು ಫೋನನ್ನು ಉಜ್ಜಿ ನೋಡಿದರು.

"ಇವತ್ತು ಇಲ್ಲ ಅನ್ನವ್ವ. ಮೋಡ್ಗಳೆಲ್ಲ ಕನಕಪುರದ ಕಡೀಕ್ ತಿರುಕ್ಕಂಡವೆ. ಈಚೇಲೇ ಮಡಗ್ಲಿ."

ಇಲ್ಲಿ ನನ್ನ ದಡ್ಡತನವನ್ನೂ ಬರೆಯಬೇಕು. ಬೆಳಿಗ್ಗೆಯಿಂದ ಒಂದು ಎಲೆ ಅಲ್ಲಾಡಿರಲಿಲ್ಲ. ಕುತ್ತಿಗೆಯ ಬೆವರು ಒರೆಸಿದಷ್ಟೂ ಬರುತ್ತಿತ್ತು. ಇರುವೆಗಳು ಬಚ್ಚಲ ಗೋಡೆ ಹತ್ತುತ್ತಿದ್ದವು. ಅರವತ್ತು ಬೇಸಿಗೆ ಕಂಡ ಮೈ, ಇವತ್ತು ಬರುತ್ತದೆ ಎಂದು ಹೇಳುತ್ತಲೇ ಇತ್ತು. ಆ ಮೈ ನನ್ನದು, ಏಳನೇ ಕ್ಲಾಸು. ಫೋನು ಹೆಚ್ಚು ಓದಿರಬೇಕು ಎಂದುಕೊಂಡು ಹನ್ನೆರಡನ್ನೂ ಚಪ್ಪರದಡಿ ನಿಲ್ಲಿಸಿದೆ.

ನಾಲ್ಕು ಗಂಟೆಗೆ ಗಾಳಿ ಎದ್ದಿತು. ಎದ್ದ ಗಾಳಿ ಮೊದಲು ಚಪ್ಪರದ ಗರಿಯನ್ನು ಎತ್ತಿತು, ಆಮೇಲೆ ಮೇಷ್ಟ್ರ ಟವೆಲನ್ನು. ಗುಡುಗು ಎರಡೇ ಸಲ. ಮೂರನೆಯದಕ್ಕೆ ಹನಿ ಬಿತ್ತು, ಒಂದೊಂದೂ ಹುಣಿಸೆಬೀಜದಷ್ಟು ದಪ್ಪ. ಭಾವನವರು ಬಂತು ಎಂದು ಕೂಗಿ ಜಗಲಿಯಿಂದ ಹಾರಿದರು. ಎಪ್ಪತ್ತೆರಡು ವರ್ಷದ ಮನುಷ್ಯ ಹಾರಿದ್ದನ್ನು ನೋಡಿ ನಾನೂ ಕೆಂಪಮ್ಮನೂ, ಸದ್ಯ ಸಹಾಯಕ್ಕೆ ಬಂದರು ಎಂದುಕೊಂಡೆವು. ಅವರು ಹೋಗಿದ್ದು ಮಾಪಕದ ಹತ್ತಿರ. ಹಿಂದೆಯೇ ಮೇಷ್ಟ್ರು ಕೊಡೆ ಹಿಡಿದು ಓಡಿದರು. ಕೊಡೆ ಯಾರ ತಲೆಗೂ ಅಲ್ಲ, ಫೋನಿಗೆ. ಫೋನಿನೊಳಗೆ ನಿಮ್ಮ ಹೊಳಲಿನ ತಾತ ಕೂತಿದ್ದರು. ಪೂರಿಗಾಲಿಯ ಮಾಪಕ ತುಂಬುವುದನ್ನು ಅವರು ಕಣ್ಣಾರೆ ಕಂಡು ಸೋಲೊಪ್ಪಬೇಕು ಎನ್ನುವುದು ಭಾವನವರ ಆಸೆ.

ಒಂದು ಚಂದ್ರಂಕಿಗೆ ಇಬ್ಬರು ಬೇಕು. ಓರೆಯಾದರೆ ಹುಳ ಉದುರುತ್ತದೆ. ನಾವಿಬ್ಬರು ಹೆಂಗಸರು ಮೂರನ್ನು ಒಳಗೆ ಸೇರಿಸಿದೆವು. ನಾಲ್ಕನೆಯದನ್ನು ಎತ್ತುವಾಗ ಗಾಳಿಗೆ ತುದಿಯಲ್ಲಿದ್ದ ಒಂದು ಕವುಚಿ ಬಿತ್ತು. ಹಳದಿ ಹುಳ ಕೆಸರಿನಲ್ಲಿ ತಲೆ ಎತ್ತಿ ಗೂಡಿಗೆ ಜಾಗ ಹುಡುಕುತ್ತಿದ್ದವು.

ಕೆಂಪಮ್ಮ ಆ ಕಡೆ ನೋಡಿ, "ಅಲ್ಲ ಕಣಕ್ಕ, ಲೋಟ ತುಂಬೋದ್ನ ನೋಡಕ್ಕೆ ಇಬ್ರು ಗಂಡುಸ್ರು ಬೇಕಾ?" ಎಂದಳು.

ಆಗ ನನಗೆ ಏನಾಯಿತೋ. ಬಚ್ಚಲ ಬಾಗಿಲಿನಲ್ಲಿದ್ದ ನೀಲಿ ಬಕೆಟ್ಟು ಹಿಡಿದು ಅಂಗಳಕ್ಕೆ ಇಳಿದೆ. ಇಬ್ಬರ ನಡುವೆ ನುಗ್ಗಿ ಅದನ್ನು ಕಲ್ಲುಕಂಬದ ಮೇಲೆ, ಮಾಪಕ ಪೂರ್ತಿ ಮುಚ್ಚುವ ಹಾಗೆ, ಬೋರಲು ಹಾಕಿದೆ.

"ಭಾವ, ಇಲ್ಲಿ ಮಳೆ ನಿಂತೋಯ್ತು. ಇನ್ನು ನೋಡಕ್ಕೇನಿಲ್ಲ. ಬಂದು ಚಂದ್ರಂಕಿ ಹಿಡೀರಿ."

ನಲವತ್ತೈದು ವರ್ಷದಲ್ಲಿ ನಾನು ಅವರಿಗೆ ಆಡಿದ ಮೊದಲ ಮಾತು ಅದು. ಅವರ ಬಾಯಿ ತೆರೆದೇ ಇತ್ತು, ಅದಕ್ಕೂ ಸ್ವಲ್ಪ ಮಳೆ ಬಿತ್ತು. ಫೋನಿನೊಳಗಿಂದ ನಿಮ್ಮ ಹೊಳಲಿನ ತಾತ, ಮಳೆಯ ಸದ್ದಿಗೆ ನನ್ನ ಮಾತು ಕೇಳಿಸದೆ, "ಯಾಕ್ ಬೀಗ್ರೇ, ಬರೀ ನೀಲಿ ಕಾಣ್ತದಲ್ಲ?" ಎಂದು ಕೇಳುತ್ತಿದ್ದರು. ಮೇಷ್ಟ್ರು ಫೋನನ್ನು ಜೇಬಿಗೆ ಹಾಕಿಕೊಂಡರು.

ಆಮೇಲೆ ನಡೆದದ್ದನ್ನೂ ನ್ಯಾಯವಾಗಿ ಹೇಳಬೇಕು. ನಮ್ಮ ನಡುಮನೆಯಲ್ಲಿ ನಾಲ್ಕು ಚಂದ್ರಂಕಿಗೆ ಜಾಗವಿದೆ, ಐದನೆಯದಕ್ಕೆ ಇಲ್ಲ. ಹನ್ನೊಂದು ಒಳಗೆ ಹೋಗಬೇಕಾಗಿತ್ತು. ಭಾವನವರು ಬಾಗಿಲಿನಲ್ಲಿ ನಿಂತು ಒಂದು ಸಲ ಒಳಗೆ ಕಣ್ಣಾಡಿಸಿದರು. ಜಾತ್ರೆಯ ದಿನದ ಬಸ್ಸು ನೆನಪಾಗಿರಬೇಕು. "ಒಳೀಕ್ ನಡೀರಿ, ಒಳೀಕ್ ನಡೀರಿ, ಹಿಂದ್ಗಡೆ ಜಾಗ ಅದೆ" ಎನ್ನುತ್ತಾ ಒಂದನ್ನು ಗೋಡೆಗೆ, ಒಂದನ್ನು ಮಂಚದ ಮೇಲೆ, ಎರಡನ್ನು ಬೀರುವಿಗೆ ಒರಗಿಸಿ, ಒಂದಕ್ಕೊಂದು ತಾಗದ ಹಾಗೆ ಹನ್ನೊಂದನ್ನೂ ಹತ್ತಿಸಿಬಿಟ್ಟರು. ಕೊನೆಗೆ ನಾವು ನಾಲ್ವರೂ ಒಳಗೆ ನಿಲ್ಲಲು ಜಾಗವಿಲ್ಲದೆ ಜಗಲಿಯಲ್ಲಿ ನೆನೆಯುತ್ತಾ ನಿಂತೆವು. ಮಳೆಯನ್ನು ಅಷ್ಟು ಹೊತ್ತು ಫೋನಿಲ್ಲದೆ ಅವರು ನೋಡಿದ್ದು ಅವತ್ತೇ ಇರಬೇಕು.

ಮಳೆ ಬಿಟ್ಟ ಮೇಲೆ ಬಕೆಟ್ಟು ತೆಗೆದು ನೋಡಿದರು. ನಾಲ್ಕು ಮಿಲಿಮೀಟರ್. ಗುಂಪಿನ ನಿಯಮ ಬಲು ಬಿಗಿ, ಮಾಪಕದಲ್ಲಿ ಇದ್ದಷ್ಟೇ ಪುಸ್ತಕದಲ್ಲಿ. ಪೂರಿಗಾಲಿ ನಾಲ್ಕು, ಹೊಳಲು ಹನ್ನೊಂದು ಎಂದು ಬರೆದರು. ಹೊಳಲಿನಿಂದ ತಕ್ಷಣ ಫೋನು ಬಂತು.

"ಅಲ್ಲ ಬೀಗ್ರೇ, ನಿಮ್ಮೂರಲ್ಲಿ ಮಳೆ ಬಂತೋ, ಯಾರಾರ ಉಗುದ್ರೋ?"

ಭಾವನವರು ನಿಜ ಹೇಳಬಹುದಿತ್ತು. ಹೇಳಿದರೆ ಬಕೆಟ್ಟಿನ ಮಾತು ಬರುತ್ತದೆ. ಬಕೆಟ್ಟಿನ ಮಾತು ಬಂದರೆ ತಮ್ಮನ ಹೆಂಡತಿಯ ಮಾತು ಬರುತ್ತದೆ. ಅದರ ಹಿಂದೆ, ಇವತ್ತು ಮಳೆ ಇಲ್ಲ ಎಂದು ತಾವು ಹೇಳಿದ್ದೂ ಬರುತ್ತದೆ. ಗಂಟಲು ಸರಿಮಾಡಿಕೊಂಡು, "ಈ ಸಲ ಕಮ್ಮಿಯಾಯ್ತು ಕಣ್ರೀ" ಎಂದರು. ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ಮೂರನೇ ವರ್ಷವೂ ಸೋತರಲ್ಲ ಎಂದು ಸ್ವಲ್ಪ ಕನಿಕರವಾಯಿತು. ಸ್ವಲ್ಪವೇ.

ಗೂಡು ಚೆನ್ನಾಗಿ ಬಂತು, ಹನ್ನೊಂದು ಚಂದ್ರಂಕಿಯದೂ. ತೆಂಗಿನ ಸುದ್ದಿಯನ್ನು ಆಮೇಲೆ ಯಾರೂ ಎತ್ತಲಿಲ್ಲ. ನಾನು ಮತ್ತೆ ಬಾಗಿಲ ಮರೆಗೆ ಬಂದಿದ್ದೇನೆ, ಅಭ್ಯಾಸ. ಭಾವನವರು ಈ ಬೇಸಿಗೆಯಲ್ಲೂ ಜಗಲಿಗೆ ಬರುತ್ತಾರೆ, ಫೋನು ನೋಡುತ್ತಾರೆ. ಒಂದು ವ್ಯತ್ಯಾಸವಿದೆ. ನೋಡಿ ಮುಗಿಸಿದ ಮೇಲೆ ಹಸುವಿನ ಕಡೆ ತಿರುಗಿ, "ನಿಮ್ಮಮ್ಮ ಏನಂದಾಳು ಕೇಳು, ಇವತ್ತು ಬತ್ತದಂತಾ?" ಎನ್ನುತ್ತಾರೆ. ಹಸುವಿಗೆ ಈ ವಯಸ್ಸಿನಲ್ಲಿ ಕೆಲಸ ಎರಡರಷ್ಟಾಗಿದೆ.

ಈಗ ಈ ಹಾಳೆಗಳ ವಿಷಯ. ಅವತ್ತು ಬೆಳಿಗ್ಗೆ ಒಂದು ದಬರಿಯನ್ನು ತೊಳೆದು ಅಂಗಳದ ಮೂಲೆಯಲ್ಲಿ ಒಣಗಲು ಇಟ್ಟಿದ್ದೆ, ಬಾಯಿ ಮೇಲಾಗಿ. ಗಡಿಬಿಡಿಯಲ್ಲಿ ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ಹೋದ ಮೇಲೆ ಅದರ ತಳಕ್ಕೆ ಬೆರಳು ಅಡ್ಡ ಹಿಡಿದು ಅಳೆದೆ. ಪೂರಿಗಾಲಿಯಲ್ಲಿ ಅವತ್ತು ಬಿದ್ದದ್ದು ಭರ್ತಿ ಮೂರು ಬೆರಳು ಮಳೆ. ನಿಮ್ಮ ಹೊಳಲಿನ ಹನ್ನೊಂದು ಮಿಲಿಮೀಟರ್ ಒಂದು ಬೆರಳನ್ನೂ ದಾಟುವುದಿಲ್ಲ. ಇದು ಯಾವ ಪುಸ್ತಕದಲ್ಲೂ ಇಲ್ಲ, ಇಲ್ಲಿ ಮಾತ್ರ ಇದೆ. ಆದ್ದರಿಂದ ಹಾಳೆಗಳನ್ನು ಜೋಪಾನ ಮಾಡಿ. ನಿಮ್ಮ ಹೊಳಲಿನ ತಾತನಿಗೆ ಈಗಲೇ ತೋರಿಸಬೇಡಿ, ಗೆದ್ದ ಖುಷಿ ಇನ್ನೊಂದೆರಡು ಬೇಸಿಗೆ ಇರಲಿ. ನೀರು ಬೀಳದ ಜಾಗ ನೋಡಿ ಇಡಿ. ಆ ಜಾಗ ಯಾವುದು ಎಂದು ಮಾತ್ರ ಮಳೆ ಬಳಗದವರನ್ನು ಕೇಳಬೇಡಿ.